ಹಿಂದುಹಿಂದಕ್ಕೆ ಬಂದ ಹಡಗು

ಜೂನ್ ೩, ಸೋಮವಾರ

ಕೋಪ ಬಂದಾಗ ಕೂಗಬೇಡಿ, ಬರೆಯಿರಿ ಎಂದಿದ್ದಾರೆ ಡಾಕ್ಟರು. ರಕ್ತದೊತ್ತಡ ಇಳಿಯುತ್ತದಂತೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಡೆಕ್ಕಿನ ಮೇಲೆ ಸೀಮೆಸುಣ್ಣದಲ್ಲಿ ಹಗ್ಗದ ಉದ್ದ ಗೀಚಿದ್ದು ಬಿಟ್ಟರೆ ಬೇರೆ ಬರವಣಿಗೆ ಗೊತ್ತಿಲ್ಲ. ಆದರೂ ನಮ್ಮವಳು ಒಂದು ನೋಟುಬುಕ್ಕು ತಂದು ಮೇಜಿನ ಮೇಲೆ ಕುಕ್ಕಿದ್ದಾಳೆ. "ಏನು ಬೇಕಾದ್ರೂ ಬರ್ಕೊಳ್ಳಿ, ನಾನು ಓದಲ್ಲ" ಎಂದಳು. ಓದುತ್ತಾಳೆ. ಓದಲಿ.

ಇವತ್ತಿನ ಕೋಪಕ್ಕೆ ಕಾರಣ ನಮ್ಮ ಹಳೆ ಹಡಗಿನ ಕ್ಯಾಪ್ಟನ್ನರ ಮಗಳು. ಬೆಳಿಗ್ಗೆ ಬಂದು ಬಾಗಿಲು ತಟ್ಟಿದಳು. ಐದು ತಿಂಗಳಿಂದ ಆ ಮುದುಕರು ಮಗಳ ಮನೆಯಲ್ಲಿ, ನಮ್ಮಿಂದ ಎರಡೇ ಬೀದಿ ಆಚೆ ಇದ್ದಾರೆಂದು ನನಗೆ ಗೊತ್ತಿತ್ತು. ಅದಕ್ಕೇ ಆ ಬೀದಿ ತಪ್ಪಿಸಿ, ಸುತ್ತು ಹಾಕಿಕೊಂಡು ಮಾರುಕಟ್ಟೆಗೆ ಹೋಗುತ್ತಿದ್ದೆ.

ಆಕೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮಾತು ಮೆತ್ತಗೆ. "ಅಪ್ಪನಿಗೆ ಮರೆವು ಜಾಸ್ತಿಯಾಗಿದೆ. ಎರಡು ತಿಂಗಳಿಂದ ಮನೆಯೊಳಗೆ ಹಿಂದುಹಿಂದಕ್ಕೆ ನಡೀತಾರೆ. ಎರಡು ಸಲ ಬಿದ್ದಿದ್ದಾರೆ. ಹಗಲೆಲ್ಲ ಕೂರಲ್ಲ. ಕೂರಿಸಿದ್ರೆ ಎದ್ದುಬಿಡ್ತಾರೆ. ಕಾಲು ಊದಿ ಕಂಬ ಆಗಿದೆ. ಇನ್ನೊಂದು ಸಲ ಬಿದ್ರೆ ಆರೈಕೆ ಕೇಂದ್ರಕ್ಕೆ ಸೇರಿಸಲೇಬೇಕು ಅಂದಿದ್ದಾರೆ ಡಾಕ್ಟರು. ಅಲ್ಲಿ ಇಂಥವರನ್ನ ಬೆಲ್ಟ್ ಹಾಕಿ ಕುರ್ಚಿಗೆ ಕಟ್ತಾರೆ. ನಾನೇ ಹೋಗಿ ನೋಡ್ಕೊಂಡು ಬಂದೆ."

"ಅದಕ್ಕೆ ನಾನೇನು ಮಾಡ್ಲಿ?"

"ದಿನಾ 'ಬೋಸನ್ ಎಲ್ಲಿ, ಬೋಸನ್ ಎಲ್ಲಿ' ಅಂತಾರೆ. ಹಡಗಿನಲ್ಲಿ ಅವರ ಬೋಸನ್ ಆಗಿದ್ದೋರು ನೀವೇ ಅಂತ ಗೊತ್ತಾಯ್ತು."

"ಆಗಿದ್ದೆ. ತೆಗೆದುಹಾಕಿದ್ದು ಯಾರು ಅಂತ ನಿಮ್ಮಪ್ಪನ್ನೇ ಕೇಳು" ಎಂದು ಬಾಗಿಲು ಹಾಕಿಕೊಂಡೆ.

ಹಿಂದುಹಿಂದಕ್ಕೆ ನಡೆಯುತ್ತಾರಂತೆ. ಡಾಕ್ಟರಿಗೆ ಅದು ಕಾಯಿಲೆ. ಅದು ಏನೆಂದು ನನಗೆ ಗೊತ್ತು. ಗೊತ್ತಿದ್ದರೆ ಏನಂತೆ?

ಜೂನ್ ೪, ಮಂಗಳವಾರ

ನಮ್ಮವಳು ನಿನ್ನೆಯಿಂದ ನನ್ನ ಹತ್ತಿರ ಮಾತಾಡುತ್ತಿಲ್ಲ. ಮಾತಾಡದೆ ಪಾತ್ರೆಗಳ ಹತ್ತಿರ ಜೋರಾಗಿ ಮಾತಾಡುತ್ತಾಳೆ. "ನಲವತ್ತಾರು ವರ್ಷದ ಸಿಟ್ಟು. ಇಷ್ಟು ದಿನ ಇಟ್ರೆ ಉಪ್ಪಿನ ಡಬ್ಬಾನೂ ತುಕ್ಕು ಹಿಡಿಯತ್ತೆ" ಎಂದಳು ಬಾಣಲೆಗೆ.

ಎಷ್ಟು ಸಲ ಹೇಳಿದರೂ ಅವಳಿಗೆ ಅರ್ಥವಾಗಿಲ್ಲ. ಹೇಗೂ ಕದ್ದು ಓದುತ್ತಾಳಲ್ಲ, ಸರಿಯಾಗಿ ಬರೆದಿಡುತ್ತೇನೆ. ಓದು, ಮಹರಾಯಿತಿ.

ಯುದ್ಧದ ಎರಡನೇ ವರ್ಷ. ನಮ್ಮದು ಸಣ್ಣ ಹಡಗು. ನೀರಿನೊಳಗಿದ್ದ ಸಿಡಿಗುಂಡಿಗೆ ತಾಗಿ ಮೂತಿ ಪೂರಾ ಹಾರಿಹೋಯಿತು. ಹನ್ನೊಂದು ಜನ ಹೋದರು. ಒಳಗಿನ ಒಂದು ತೆಳು ಕಬ್ಬಿಣದ ಗೋಡೆ ಉಳಿದಿತ್ತು. ಮುಂದಕ್ಕೆ ಹೋದರೆ ನೀರಿನ ಒತ್ತಡಕ್ಕೆ ಅದೂ ಒಡೆಯುತ್ತದೆ. ಹಡಗು ಬಿಟ್ಟು ದೋಣಿ ಹತ್ತೋಣ ಎಂದರು ಎಲ್ಲರೂ. ಕ್ಯಾಪ್ಟನ್ ಹೇಳಿದರು: "ಮುಂದಕ್ಕೆ ಆಗದಿದ್ದರೆ ಹಿಂದಕ್ಕೆ ಹೋಗೋಣ." ಐವತ್ತೆರಡು ಗಂಟೆ ಹಿಂದುಹಿಂದಕ್ಕೆ ಹಡಗು ನಡೆಸಿ ಬಂದರಿಗೆ ತಂದರು. ಆ ಐವತ್ತೆರಡು ಗಂಟೆ ಅವರು ಕೂರಲಿಲ್ಲ. ನಾನು ಬಾಲದ ತುದಿಯಲ್ಲಿ ನಿಂತು ಎಡ, ಬಲ ಎಂದು ಕೂಗುತ್ತಿದ್ದೆ. ನಾನು ಬೋಸನ್. ಎಂದರೆ ಡೆಕ್ಕು, ಹಗ್ಗ, ಲಂಗರು, ನಾವಿಕರು ಎಲ್ಲ ನನ್ನ ಸುಪರ್ದಿ.

ಇನ್ನು ಟೆಲಿಗ್ರಾಫ್. ಮೇಲಿನ ಕೊಠಡಿಯಿಂದ ಕೆಳಗಿನ ಎಂಜಿನ್ನಿಗೆ ಆಜ್ಞೆ ಕೊಡುವ ಹಿತ್ತಾಳೆ ಚಕ್ರ ಅದು. ಹಿಡಿ ತಿರುಗಿಸಿದರೆ ಕೆಳಗೆ ಗಂಟೆ ಹೊಡೆಯುತ್ತದೆ. ಮುಂದೆ, ಹಿಂದೆ, ನಿಲ್ಲು, ಎಲ್ಲಕ್ಕಿಂತ ಕೊನೆಗೆ 'ಎಂಜಿನ್ ಸಾಕು'. 'ನಿಲ್ಲು' ಎಂದರೆ ಕೆಳಗಿನವರು ಬೆಂಕಿ ಉರಿಸಿಕೊಂಡೇ ಕಾಯಬೇಕು. 'ಎಂಜಿನ್ ಸಾಕು' ಬಂದರೆ ಮಾತ್ರ ಪ್ರಯಾಣ ಮುಗಿಯಿತು, ಮನೆಗೆ ಹೋಗಬಹುದು. ಅಧಿಕಾರಿಯ ಮಾತಿಲ್ಲದೆ ಆ ಹಿಡಿಯನ್ನು ಯಾರೂ ಮುಟ್ಟಬಾರದು.

ಹಡಗು ದಡಕ್ಕೆ ತಾಗಿತು. ಮೊದಲನೆಯ ಹಗ್ಗ ದಡಕ್ಕೆ ಎಸೆದೆವು. ಆಗ ಕ್ಯಾಪ್ಟನ್ ನಿಂತಲ್ಲೇ ಕುಸಿದರು. ಉಳಿದಿದ್ದ ಒಬ್ಬನೇ ಎಳೆ ಅಧಿಕಾರಿ ಅವರ ಸ್ಟ್ರೆಚರಿನ ಹಿಂದೆ ಓಡಿದ. ಕೆಳಗಿದ್ದ ಏಳು ಜನರನ್ನು ಎಲ್ಲರೂ ಮರೆತರು. ಆರು ಗಂಟೆ ಆ ಬೆಂಕಿಯ ಮುಂದೆ ಕಾದರು. ಒಬ್ಬ ಪ್ರಜ್ಞೆ ತಪ್ಪಿ ಬಿದ್ದ. ನನಗೆ ತಲೆ ಕೆಟ್ಟು, ಮೇಲೆ ಹೋಗಿ ಹಿಡಿ ತಿರುಗಿಸಿದೆ: ಎಂಜಿನ್ ಸಾಕು.

ಮೂರನೇ ವಾರ ಆಸ್ಪತ್ರೆಯಿಂದ ಕಾಗದ ಬಂತು. ಅನುಮತಿಯಿಲ್ಲದೆ ಟೆಲಿಗ್ರಾಫ್ ಮುಟ್ಟಿದ್ದಕ್ಕೆ ನನ್ನ ತೋಳಿನ ಪಟ್ಟಿ ಕೀಳಿಸಿ ಸಾದಾ ನಾವಿಕನನ್ನಾಗಿ ಮಾಡಿದ್ದರು. ಕೆಳಗೆ ಅವರದೇ ಸಹಿ. ಅದೇ ತಿಂಗಳು ಅವರಿಗೆ ಪದಕ. ಮರು ವರ್ಷ ನಾನು ಕೆಲಸ ಬಿಟ್ಟು ಬಂದರಿನ ಕ್ರೇನು ಹತ್ತಿದೆ.

ಈಗ ಅರ್ಥ ಆಯಿತೇನೇ?

ಜೂನ್ ೫, ಬುಧವಾರ

ಹೋದೆ. ಒಂದು ದಿನ ಹೋಗಿ, ಅನ್ನಬೇಕಾದ್ದನ್ನು ಮುಖದ ಮೇಲೇ ಅಂದು ಬರೋಣ ಎಂದು.

ಉದ್ದನೆಯ ನಡುಮನೆ, ಒಂದು ಕಡೆ ಕಪಾಟು, ಇನ್ನೊಂದು ಕಡೆ ಕಿಟಕಿ, ತುದಿಯಲ್ಲಿ ಜಗಲಿ. ಕಿಟಕಿಯ ಹತ್ತಿರ ನಿಂತಿದ್ದರು. ಆರಡಿ ಆಳು ಒಣಗಿ ಕೋಲಾಗಿದ್ದಾರೆ. ಎಂಬತ್ತಾರು ವಯಸ್ಸು. ನನ್ನನ್ನು ನೋಡಿ, ಹೇಗಿದ್ದೀ ಇಲ್ಲ, ಏನಿಲ್ಲ, "ಎಲ್ಲಿ ಸತ್ತಿದ್ದೆ ಬೋಸನ್? ಬಾಲದಲ್ಲಿ ಯಾರೂ ಇಲ್ಲ" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದುಹಿಂದಕ್ಕೆ ಹೊರಟೇಬಿಟ್ಟರು, ಬಚ್ಚಲಿನ ಕಡೆಗೆ. ಬೀಳುತ್ತಾರೆಂದು ಓಡಿ ಅವರ ಬೆನ್ನ ಹಿಂದೆ ನಿಂತು "ಎಡಕ್ಕೆ, ಎಡಕ್ಕೆ" ಎಂದು ಕೂಗಿದೆ. ಅವರು ನೇರ ಹೋಗಿ ಕಪಾಟಿಗೆ ಭುಜ ಬಡಿಸಿಕೊಂಡರು.

"ಯಾರ ಎಡ?" ಎಂದು ಗದರಿದರು. "ನಿನ್ನ ಎಡವೋ, ಹಡಗಿನ ಎಡವೋ? ಬಟ್ಟೆ ಎಲ್ಲಿ?"

ಛೆ. ನಲವತ್ತಾರು ವರ್ಷದ ಹಿಂದೆ ಮೊದಲ ಗಂಟೆಯಲ್ಲಿ ಇದೇ ತಪ್ಪು ಮಾಡಿದ್ದೆ. ಬಾಲದಲ್ಲಿ ನಿಂತು ಹಿಂದಕ್ಕೆ ನೋಡುವವನ ಬಲಗೈ ಹಡಗಿಗೆ ಎಡ. ಅದು ಮರೆಯದಿರಲಿ ಎಂದು ನನ್ನ ಬಲ ಮಣಿಕಟ್ಟಿಗೆ ಅವರೇ ಕೆಂಪು ಬಟ್ಟೆ ಕಟ್ಟಿದ್ದರು. ಎಲ್ಲ ಮರೆತ ಮುದುಕರಿಗೆ ಅದು ನೆನಪಿದೆ!

ಅನ್ನಬೇಕಾದ್ದನ್ನು ಅನ್ನಲು ಆಗಲಿಲ್ಲ. ನಾಳೆ ಅನ್ನುತ್ತೇನೆ.

ಜೂನ್ ೬, ಗುರುವಾರ

ನಮ್ಮವಳ ಹಳೆ ಕೆಂಪು ರವಿಕೆಯ ತೋಳು ಹರಿದು ಕಟ್ಟಿಕೊಂಡು ಹೋದೆ. ಅವರನ್ನು ಒಂದು ಸಲವೂ ಯಾವುದಕ್ಕೂ ತಾಗಿಸಲಿಲ್ಲ. ಅದು ಹಳೆ ರವಿಕೆ ಅಲ್ಲವಂತೆ. ಮನೆಯಲ್ಲಿ ಯುದ್ಧ.

ಜೂನ್ ೧೦, ಸೋಮವಾರ

ಈಗ ಬೆನ್ನಿಗೆ ಬೆನ್ನು ಕೊಟ್ಟು ನಡೆಯುತ್ತೇವೆ. ನಾನು ಮುಂದಕ್ಕೆ, ಅವರು ಹಿಂದಕ್ಕೆ. ಬಚ್ಚಲಿಗೆ ಹದಿನಾಲ್ಕು ಹೆಜ್ಜೆ, ಜಗಲಿಗೆ ಒಂಬತ್ತು. ಮಗಳು ಅಂಗಡಿಗೆ ಹೊರಟವಳು ಬಾಗಿಲಲ್ಲೇ ನಿಂತು ನೋಡಿ ಚೀಲ ಕೆಳಗಿಟ್ಟು ನಕ್ಕಳು. "ಎರಡು ಮುಖದ ಏಡಿ ಇದ್ದ ಹಾಗಿದೀರಿ" ಎಂದಳು.

"ಏಡಿ ಅಡ್ಡ ನಡೆಯುತ್ತೆ. ಗೊತ್ತಿಲ್ಲದೇ ಮಾತಾಡಬೇಡ" ಎಂದರು ಕ್ಯಾಪ್ಟನ್.

ಇನ್ನೊಂದು ವಿಷಯ. ಬಾಗಿಲ ಪಕ್ಕದ ಗೋಡೆಯಲ್ಲಿ ಫ್ಯಾನಿನ ಹಳೆ ಕಾಲದ ದೊಡ್ಡ ಗುಂಡು ಸ್ವಿಚ್ಚಿದೆ, ಸೊನ್ನೆಯಿಂದ ಐದರವರೆಗೆ. ಸದಾ ಎರಡರಲ್ಲೇ ಇರಬೇಕು. ಯಾರಾದರೂ ಆರಿಸಿದರೆ ಅವರು ಕೆಂಡವಾಗುತ್ತಾರೆ. "ಚಳಿಯಾದ್ರೂ ಆರಿಸೋಕೆ ಬಿಡಲ್ಲ, ಯಾಕೋ" ಎಂದಳು ಮಗಳು. ಎರಡು ಎಂದರೆ ನಿಧಾನ ಹಿಂದಕ್ಕೆ. ಅವರಿಗೆ ಅದು ಫ್ಯಾನಿನ ಸ್ವಿಚ್ಚಲ್ಲ, ಟೆಲಿಗ್ರಾಫ್.

ಕಾಲಿನ ಊತ ಹಾಗೇ ಇದೆ. ಬೀಳದಂತೆ ನೋಡಿಕೊಳ್ಳಬಹುದು, ಕೂರಿಸುವುದು ಆಗುತ್ತಿಲ್ಲ.

ಜೂನ್ ೧೪, ಶುಕ್ರವಾರ

ನೌಕಾ ತರಬೇತಿ ಶಾಲೆಯ ಒಂದು ಕೋಣೆಗೆ ಕ್ಯಾಪ್ಟನ್ನರ ಹೆಸರಿಡುತ್ತಾರಂತೆ. ಗೋಡೆಗೆ ಹಾಕಲು ಎರಡು ಪುಟ ಜೀವನ ಚರಿತ್ರೆ ಬೇಕಂತೆ. ಮಗಳು ಬರೆದು ನನಗೆ ಓದಿ ಹೇಳಿದಳು. ದೀಪಸ್ತಂಭ ಕಾಯುವವನ ಮಗ, ಹದಿನಾರಕ್ಕೆ ನೌಕಾಪಡೆ, ನಾಲ್ಕು ಹಡಗು, ಒಂದು ಯುದ್ಧ, ಆಮೇಲೆ ಹದಿನೈದು ವರ್ಷ ಎಳೆಯರಿಗೆ ದಿಕ್ಕು ನೋಡುವ ಪಾಠ. ಅಷ್ಟು ಸರಿ. ಮಧ್ಯದಲ್ಲಿ 'ಗುಂಡಿನ ಮಳೆಯ ನಡುವೆ ಎದೆಯೊಡ್ಡಿ ಶತ್ರುವನ್ನು ಬೆನ್ನಟ್ಟಿ' ಎಂದಿತ್ತು.

"ಇದೆಲ್ಲಿಂದ ಬಂತು?"

"ಪೇಪರಿನವರು ಆಗ ಹಾಗೆ ಬರೆದಿದ್ರು."

"ಹೊಡೆದುಹಾಕು. ಯಾರನ್ನೂ ಬೆನ್ನಟ್ಟಲಿಲ್ಲ. ಒಂದು ಗುಂಡೂ ಹಾರಿಸಲಿಲ್ಲ. ಮೂತಿಯಿಲ್ಲದ ಹಡಗನ್ನ ಹಿಂದುಹಿಂದಕ್ಕೆ ನಡೆಸಿ ಅರವತ್ತಮೂರು ಜನರನ್ನ ಮನೆ ಮುಟ್ಟಿಸಿದರು. ಅದನ್ನ ಬರಿ. ಎದೆಯೊಡ್ಡೋದು ಯಾರಿಗೆ ಬೇಕಾದ್ರೂ ಬರುತ್ತೆ. ಬೆನ್ನೊಡ್ಡಿ ಬರೋದು ಇವರಿಗೆ ಮಾತ್ರ ಬಂತು."

ಅವಳು ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಯಾಕೋ ಗೊತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ ಅಷ್ಟೆ. ನನ್ನ ಸಿಟ್ಟು ನನಗಿದ್ದೇ ಇದೆ.

ಜೂನ್ ೧೮, ಮಂಗಳವಾರ

ಭಾನುವಾರ ನನ್ನ ಮಂಡಿ ಹಿಡಿದುಕೊಂಡಿತು. ಹೋಗಲಿಲ್ಲ. ಅದೇ ದಿನ ಅವರು ಬಿದ್ದರು. ಮೂಳೆ ಮುರಿದಿಲ್ಲ, ಹುಬ್ಬಿನ ಮೇಲೆ ನಾಲ್ಕು ಹೊಲಿಗೆ.

ಡಾಕ್ಟರು ಆರೈಕೆ ಕೇಂದ್ರಕ್ಕೆ ಫೋನ್ ಮಾಡಿಯೇಬಿಟ್ಟರು. ಜುಲೈ ಒಂದಕ್ಕೆ ಹಾಸಿಗೆ ಖಾಲಿಯಾಗುತ್ತದಂತೆ. ಮಗಳು ಅಡುಗೆಮನೆಯಲ್ಲಿ ನಿಂತು ಹೇಳಿದಳು. "ನೀವು ತಪ್ಪು ತಿಳ್ಕೋಬೇಡಿ. ನೀವಿದ್ದಾಗ ಬೀಳಲ್ಲ. ಆದರೆ ನೀವು ಎಷ್ಟು ಹೊತ್ತು ಇರೋಕಾಗತ್ತೆ? ಕೂತು ಸುಧಾರಿಸ್ಕೊಂಡ್ರೆ ನಾನು ಹೇಗಾದ್ರೂ ನಿಭಾಯಿಸ್ತಿದ್ದೆ. ಕೂರಲ್ವಲ್ಲ."

ಬೆಲ್ಟ್ ಹಾಕಿ ಕಟ್ಟುತ್ತಾರೆ. ಅವರನ್ನು. ಚಹಾ ಕುಡಿಯದೇ ಎದ್ದು ಬಂದೆ.

ಜೂನ್ ೨೦, ಗುರುವಾರ

ಇವತ್ತು ಅಂದುಬಿಟ್ಟೆ. ಅವರು ಚಹಾ ಬೇಡವೆಂದು ಲೋಟ ತಳ್ಳಿದರು, ನನ್ನ ಅಂಗಿಯ ಮೇಲೆ ಚೆಲ್ಲಿತು, ಅಷ್ಟೇ ನೆಪ.

"ನನ್ನ ಪಟ್ಟಿ ಕಿತ್ತಿರಲ್ಲ, ಯಾಕೆ?"

"ಟೆಲಿಗ್ರಾಫ್ ಮುಟ್ಟಿದ್ದು ನೀನೇ ತಾನೆ?"

"ಏಳು ಜನ ಬೇಯುತ್ತಿದ್ದರು ಸರ್."

"ಮುಟ್ಟಿದ್ದು ನೀನೇ ತಾನೆ?"

"ಹೌದು. ನಾನೇ."

"ಹಾಗಾದರೆ ಸರಿಯಾಗೇ ಇದೆ. ಹಡಗಿಗೆ ಹಗ್ಗ ಬಿಗಿಯಾಗಿದೆಯೋ ಇಲ್ಲವೋ ನನಗೆ ಯಾರೂ ಹೇಳಿರಲಿಲ್ಲ. ಎಂಜಿನ್ ಸಾಕು ಅಂತ ನಾನು ಅಂದಿರಲಿಲ್ಲ. ಈಗಲೂ ಅಂದಿಲ್ಲ."

ಮುದುಕನ ಮರೆವಿಗೂ ನನ್ನ ಮೇಲೇ ಹಗೆ. ಕೆಂಪು ಬಟ್ಟೆ ಬಿಚ್ಚಿ ಕಿಟಕಿಯ ಮೇಲೆ ಎಸೆದು ಬಂದೆ. ಇನ್ನು ಹೋಗುವುದಿಲ್ಲ.

ಜೂನ್ ೨೧, ಶುಕ್ರವಾರ

ಹೋಗಲಿಲ್ಲ.

ಜೂನ್ ೨೨, ಶನಿವಾರ

ಹೋಗಲಿಲ್ಲ. ಮಾರುಕಟ್ಟೆಗೆ ಆ ಬೀದಿಯಿಂದಲೇ ಹೋದೆ, ಮಂಡಿನೋವಿಗೆ ಸುತ್ತುವುದು ಕಷ್ಟ. ಕಿಟಕಿಯಲ್ಲಿ ನಿಂತಿದ್ದರು. ಕೈಯಲ್ಲಿ ನನ್ನ ಕೆಂಪು ಬಟ್ಟೆ.

ಜೂನ್ ೨೩, ಭಾನುವಾರ

ನಮ್ಮವಳು ಬಟ್ಟೆ ಒಣಹಾಕುತ್ತಾ ಕೇಳಿದಳು. "ಅಲ್ಲ, ಆ ದಿನ ಹಗ್ಗ ಕಟ್ಟಿದ ಮೇಲೆ ಏನು ಮಾಡಬೇಕಿತ್ತು ನೀವು?"

"ಬೋಸನ್ ಹೋಗಿ 'ಹಗ್ಗ ಎಲ್ಲ ಬಿಗಿಯಾಗಿದೆ ಸರ್' ಅನ್ನಬೇಕು. ಅದು ಕೇಳಿದ ಮೇಲೇ ಕ್ಯಾಪ್ಟನ್ 'ಎಂಜಿನ್ ಸಾಕು' ಅನ್ನೋದು."

"ನೀವು ಅಂದ್ರಾ?"

"ಯಾರಿಗೆ ಅನ್ನಲಿ? ಅವರು ಪ್ರಜ್ಞೆ ತಪ್ಪಿ ಬಿದ್ದಿದ್ದರು."

"ಆಮೇಲೆ?"

"ಆಮೇಲೆ ಏನು? ಕಾಗದ ಬಂತು. ಮುಖ ನೋಡಲೇ ಇಲ್ಲ."

"ಹಾಗಾದ್ರೆ ಅಂದಿಲ್ಲ" ಎಂದು ಲಂಗ ಕೊಡವಿ ತಂತಿಗೆ ಹಾಕಿದಳು.

ಇವಳಿಗೆ ಹಡಗಿನ ತಲೆಯೂ ಗೊತ್ತಿಲ್ಲ ಬಾಲವೂ ಗೊತ್ತಿಲ್ಲ.

ಆದರೆ ಊಟ ಸೇರಲಿಲ್ಲ. ಅವರು ನಿಂತಿರುವುದು ನನ್ನ ಒಂದು ಮಾತಿಗೆ ಕಾದುಕೊಂಡೇ? ನಲವತ್ತಾರು ವರ್ಷ?

ಜೂನ್ ೨೫, ಮಂಗಳವಾರ

ಹೋಗಿ ಎದುರಿಗೆ ನಿಂತು ಹೇಳಿದೆ: "ಬಂದರು ಬಂತು ಸರ್. ಹಗ್ಗ ಎಲ್ಲ ಬಿಗಿಯಾಗಿದೆ."

ಒಂದು ಕ್ಷಣ ನೋಡಿದರು. "ಎಲ್ಲಿ, ತೋರಿಸು."

ಏನು ತೋರಿಸಲಿ? ಗಾಳಿ ತೋರಿಸಿದೆ. "ನನ್ನ ಡೆಕ್ಕಿನ ಮೇಲೆ ನಿಂತು ಸುಳ್ಳು ಹೇಳ್ತೀಯಾ?" ಎಂದರು. ಅವರ ಗಂಟಲಲ್ಲಿ ಇನ್ನೂ ಅಷ್ಟು ಶಕ್ತಿ ಇದೆ ಎಂದು ಗೊತ್ತಿರಲಿಲ್ಲ. ಪಕ್ಕದ ಮನೆಯ ನಾಯಿ ಬೊಗಳಿತು.

ಸರಿಯಾಗೇ ಬೈದರು. ಕಟ್ಟದ ಹಗ್ಗವನ್ನು ಬಿಗಿ ಎನ್ನುವವನು ಬೋಸನ್ನೇ ಅಲ್ಲ.

ಜೂನ್ ೨೬, ಬುಧವಾರ

ಬಂದರಿಗೆ ಹೋಗಿದ್ದೆ. ನನ್ನ ಕಾಲದ ಕ್ರೇನು ತೆಗೆದುಹಾಕಿದ್ದಾರೆ. ಉಗ್ರಾಣದವನಿಗೆ ನನ್ನ ಪರಿಚಯವಿದೆ. ಮಣಿಕಟ್ಟಿನಷ್ಟು ದಪ್ಪದ ಹಳೆ ಸೆಣಬಿನ ಹಗ್ಗ, ಇಪ್ಪತ್ತು ಮಾರು, ಕೊಟ್ಟ. "ಈ ವಯಸ್ಸಲ್ಲಿ ಯಾವ ಹಡಗು ಕಟ್ತೀಯಜ್ಜ?" ಎಂದ. ನಿನಗ್ಯಾಕೆ ಎಂದೆ. ಅರ್ಧ ದಿನ ಅಂಗಳದಲ್ಲಿ ಕೂತು ತುದಿಗಳನ್ನು ಹೆಣೆದೆ. ಬೆರಳು ಮರೆತಿಲ್ಲ. ನಮ್ಮವಳು ಕೇಳದೇ ಇದ್ದರೂ ಇನ್ನೊಂದು ತೋಳು, ಅದೇ ರವಿಕೆಯದು, ತಂದು ಕೊಟ್ಟಳು. "ಒಂದೇ ತೋಳಿನ ರವಿಕೆ ನಾನೇನು ಮಾಡ್ಲಿ?" ಎಂದಳು.

ಜೂನ್ ೨೭, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದೆವು. ಮಗಳು ಅಂಗಡಿಗೆ ರಜೆ ಹಾಕಿದ್ದಳು. ಅವಳನ್ನು ಜಗಲಿಯ ಹೊರಗೆ, ದಡದಲ್ಲಿ ನಿಲ್ಲಿಸಿದೆ. ಅವರ ದೊಡ್ಡ ಕೈಕುರ್ಚಿಯನ್ನು ಜಗಲಿಯ ಎರಡು ಕಂಬಗಳ ನಡುವೆ ಇಟ್ಟಿದ್ದೆ. ಹಗ್ಗದ ಸುರುಳಿ ನನ್ನ ಭುಜದ ಮೇಲೆ. ಕೆಂಪು ಬಟ್ಟೆ ಬಲಗೈಗೆ.

"ಬಂದರು ಕಾಣುತ್ತಿದೆ ಸರ್."

"ನಿಧಾನ ಹಿಂದಕ್ಕೆ" ಎಂದರು.

ಬೆನ್ನಿಗೆ ಬೆನ್ನು. ಒಂಬತ್ತು ಹೆಜ್ಜೆ. ಎಡಕ್ಕೆ ಒಂದು, ನೇರ, ಬಲಕ್ಕೆ ಅರ್ಧ, ನೇರ. ಹೊಸ್ತಿಲು ಬಂತು ಸರ್, ಕಾಲೆತ್ತಿ. ಅವರ ಕಾಲಿನ ಹಿಂಭಾಗ ಕುರ್ಚಿಗೆ ತಾಗಿತು. ಕೂರಲಿಲ್ಲ. ನಾನೂ ಕೂರಿ ಎನ್ನಲಿಲ್ಲ.

ಹಗ್ಗವನ್ನು ಮಗಳಿಗೆ ಎಸೆದೆ. ಹಿಡಿಯಲು ಬರಲಿಲ್ಲ, ತಲೆಗೆ ಬಡಿಯಿತು. "ಕೈ ಇದೆಯಾ, ಬೆಣ್ಣೆ ಇದೆಯಾ?" ಎಂದು ಕೂಗಿದೆ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ. ಕಂಬಕ್ಕೆ ಎರಡು ಸುತ್ತು, ಕುರ್ಚಿಯ ಕಾಲಿಗೆ ಎರಡು, ಎಳೆದು ಗಂಟು. ಆಚೆ ಕಂಬಕ್ಕೂ ಹಾಗೇ. ಮಂಡಿ ಊರಿ ಕಟ್ಟಿದೆ. ಯಾವ ಬಿರುಗಾಳಿ ಬಂದರೂ ಆ ಕುರ್ಚಿ ಕದಲುವುದಿಲ್ಲ.

ಎದ್ದು, ಅಂಗಿ ಎಳೆದುಕೊಂಡು, ನೆಟ್ಟಗೆ ನಿಂತೆ.

"ಹಗ್ಗ ಎಲ್ಲ ಬಿಗಿಯಾಗಿದೆ ಸರ್."

ಅವರು ಬಗ್ಗಿದರು. ಎರಡು ತಿಂಗಳಿಂದ ಬಗ್ಗದ ಬೆನ್ನು. ಗಂಟನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು, ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಚೆಯದನ್ನೂ ನೋಡಿದರು. ಆಮೇಲೆ ನನ್ನನ್ನು.

"ಅಷ್ಟು ಹೊತ್ತು ಬೇಕಾಯಿತಾ ಬೋಸನ್?"

"ತಪ್ಪಾಯಿತು ಸರ್."

"ಎಂಜಿನ್ ಸಾಕು" ಎಂದರು.

ನಾನು ಕದಲಲಿಲ್ಲ. ಟೆಲಿಗ್ರಾಫ್ ಒಳಗೆ, ಬಾಗಿಲ ಪಕ್ಕದ ಗೋಡೆಯಲ್ಲಿ.

"ಕೇಳಿಸಲಿಲ್ವಾ? ಕೆಳಗೆ ಜನ ಬೇಯುತ್ತಿದ್ದಾರೆ. ಹೋಗು, ತಿರುಗಿಸು."

"ನಾನು ಮುಟ್ಟಬಹುದಾ ಸರ್?"

"ನೀನಲ್ಲದೆ ಇನ್ಯಾರು?"

ಹೋಗಿ ತಿರುಗಿಸಿದೆ. ಟಕ್ ಎಂದಿತು. ಫ್ಯಾನು ಎರಡು ಸುತ್ತು ಸುಮ್ಮನೆ ತಿರುಗಿ ನಿಂತಿತು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಹೊರಗೆ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ಬಂದು ನೋಡಿದರೆ ಕೂತಿದ್ದರು. ಮಗಳು ಅವರ ಕಾಲೆತ್ತಿ ಸ್ಟೂಲಿನ ಮೇಲೆ ಇಡುತ್ತಿದ್ದಳು. ಐದು ನಿಮಿಷಕ್ಕೆ ಗೊರಕೆ.

ನನ್ನ ಕಣ್ಣಿಗೆ ಹಗ್ಗದ ನಾರು ಬಿದ್ದಿತ್ತು. ಹಳೆ ಸೆಣಬು ಉದುರುತ್ತದೆ.

ಜುಲೈ ೧, ಸೋಮವಾರ

ಹಾಸಿಗೆ ಬೇಡವೆಂದು ಮಗಳು ಆರೈಕೆ ಕೇಂದ್ರಕ್ಕೆ ಹೇಳಿದಳು. ನಾಲ್ಕು ದಿನದಿಂದ ಕೂರುತ್ತಿದ್ದಾರೆ, ಊತ ಇಳಿದಿದೆ. ಡಾಕ್ಟರು ಬಂದು ನೋಡಿ ಹೊಸ ಮಾತ್ರೆ ಚೆನ್ನಾಗಿ ಕೆಲಸ ಮಾಡಿದೆ ಎಂದರು. ನಾನು ಬಾಯಿ ತೆರೆದೆ. ಮಗಳು ನನ್ನ ಕಾಲು ತುಳಿದಳು.

ಎದ್ದಾಗ ಈಗ ಮುಂದಕ್ಕೇ ನಡೆಯುತ್ತಾರೆ, ಕೋಲು ಹಿಡಿದು. ನನ್ನ ಕೆಲಸ ಮುಗಿಯಿತು. ನಾಳೆಯಿಂದ ಮನೆಯಲ್ಲೇ ಇರಬಹುದು.

ನನ್ನ ರಕ್ತದೊತ್ತಡವನ್ನೂ ನೋಡಿದರು. ಇಳಿದಿದೆಯಂತೆ. ಬರೆಯುವುದರಿಂದ ಎಂದರು. ಇರಬಹುದು.

ಜುಲೈ ೯, ಮಂಗಳವಾರ

ವಾರದಿಂದ ಬರೆಯಲು ಪುರಸೊತ್ತಿಲ್ಲ. ಅದೂ ಯಾರ ದೆಸೆಯಿಂದ? ಆ ಮುದುಕರ ದೆಸೆಯಿಂದ.

ಮಳೆ ಬಿಡುವು ಕೊಟ್ಟು ಬಿಸಿಲು ಏರಿದೆ. ಮಗಳು ಸೆಕೆಯೆಂದು ಫ್ಯಾನು ಹಾಕಲು ಹೋದರೆ, "ಮುಟ್ಟಬೇಡ. ಅದಕ್ಕೆ ಬೋಸನ್ ಇದ್ದಾನೆ, ಅವನು ಬರಲಿ" ಎನ್ನುತ್ತಾರಂತೆ. ಬೇರೆ ಯಾರು ಮುಟ್ಟಿದರೂ ಕೂಗಾಡುತ್ತಾರೆ. ಅವಳು ಫೋನ್ ಮಾಡುತ್ತಾಳೆ, ನಾನು ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕು. ಒಂದು ಫ್ಯಾನು ಹಾಕಲು ಎರಡು ಬೀದಿ! ಆರಿಸಲು ಸಂಜೆ ಮತ್ತೆ ಎರಡು ಬೀದಿ! ಮಧ್ಯೆ ಹೋಗಿ ಬರುವುದು ಯಾರಿಗೆ ಬೇಕೆಂದು ಅಲ್ಲೇ ಕೂತಿರುತ್ತೇನೆ. ಗಂಟು ಹಾಕುವುದು ಮರೆಯುತ್ತಿದ್ದಾರೆ, ತುಂಡು ಹಗ್ಗ ಕೊಟ್ಟು ಹೇಳಿಕೊಡುತ್ತೇನೆ. ತಪ್ಪು ಹಾಕಿದರೆ ಬೈಯುತ್ತೇನೆ. ಅವರೂ ಬೈಯುತ್ತಾರೆ.

"ಅದೇನು ಬೆಳಿಗ್ಗೆಯೇ ತಲೆ ಬಾಚಿಕೊಂಡು ಕೂತಿದೀರಿ, ಫೋನು ಬರೋ ಮುಂಚೆ?" ಎಂದಳು ನಮ್ಮವಳು. ಅವಳಿಗೆ ಬೇರೆ ಕೆಲಸವಿಲ್ಲ.

ನಾಳೆ ಇನ್ನೂ ಸೆಕೆ ಜಾಸ್ತಿಯಂತೆ. ಎಂಟಕ್ಕೇ ಹೋಗಬೇಕು.